ಆಂಟಿಬಯೋಟಿಕ್ ಮತ್ತು ಮಾನಸಿಕ ಕಾಯಿಲೆಯ ಮಾತ್ರೆ: ಒಟ್ಟಿಗೆ ಕೊಡುವ ಮೊದಲು ಕೇಳೋಣ



ವಾರದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಮರುಪಾವತಿ ಬಗ್ಗೆ ಮಾತಾಡುತ್ತೇವೆ. ಮಕ್ಕಳ ಜ್ವರ, ಅತ್ತೆಯ ಮಂಡಿನೋವು, ಸಕ್ಕರೆ ಕಾಯಿಲೆ ಎಲ್ಲವನ್ನೂ ಹಂಚಿಕೊಳ್ಳುತ್ತೇವೆ. ಆದರೆ ಮನೆಯಲ್ಲಿ ಯಾರಾದರೂ ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಬಾಯಿ ಬಿಡುವುದಿಲ್ಲ. "ಜನ ಏನಂದಾರು?" ಎಂಬ ಹೆದರಿಕೆ. ಜ್ವರಕ್ಕೆ ಬೇರೆ ಡಾಕ್ಟರ ಹತ್ತಿರ ಹೋದಾಗಲೂ ಅದನ್ನು ಮುಚ್ಚಿಡುತ್ತೇವೆ. ಹೀಗೆ ಮುಚ್ಚಿಟ್ಟರೆ ಕೆಲವೊಮ್ಮೆ ಜೀವಕ್ಕೇ ಅಪಾಯವಾಗಬಹುದು. ಅದು ಹೇಗೆ ಎಂದು ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಒಂದು ಉದಾಹರಣೆ

ಒಂದು ಮನೆಯಲ್ಲಿ ತಮ್ಮನಿಗೆ ಸ್ಕಿಜೋಫ್ರೇನಿಯಾ ಇದೆ ಎಂದಿಟ್ಟುಕೊಳ್ಳಿ. ಕ್ಲೋಜಪಿನ್ ಎಂಬ ಮಾತ್ರೆಯಿಂದ ಮೂರು ವರ್ಷಗಳಿಂದ ಚೆನ್ನಾಗಿದ್ದಾನೆ, ಕೆಲಸಕ್ಕೂ ಹೋಗುತ್ತಾನೆ. ಒಂದು ದಿನ ಭೇದಿ, ಜ್ವರ ಬಂತು. ಅಕ್ಕ ಮೆಡಿಕಲ್ ಶಾಪಿಗೆ ಹೋಗಿ "ಅಣ್ಣಾ, ಭೇದಿಗೆ ಏನಾದ್ರೂ ಕೊಡಿ" ಎಂದಳು. ಅವರು ಐದು ದಿನಕ್ಕೆ ಸಿಪ್ರೋಫ್ಲಾಕ್ಸಾಸಿನ್ ಮಾತ್ರೆ ಕೊಟ್ಟರು. ಮೂರನೇ ದಿನ ತಮ್ಮ ಹಗಲೆಲ್ಲಾ ನಿದ್ದೆ ಮಾಡತೊಡಗಿದ. ಬಾಯಿಂದ ಜೊಲ್ಲು ಸುರಿಯಿತು, ಎದ್ದರೆ ತೂರಾಡಿದ, ಮಾತು ತೊದಲಿತು. "ಭೇದಿಯಾಗಿ ಸುಸ್ತಾಗಿದೆ, ಮಲಗಲಿ ಬಿಡು" ಎಂದರು ಮನೆಯವರು. ಆದರೆ ಅದು ಸುಸ್ತಲ್ಲ. ಕ್ಲೋಜಪಿನ್ ರಕ್ತದಲ್ಲಿ ವಿಪರೀತ ಏರಿತ್ತು.

ಹೀಗಾಗುವುದು ಏಕೆ?

ನೀರಿನ ತೊಟ್ಟಿಯೊಂದನ್ನು ನೆನೆಸಿಕೊಳ್ಳಿ. ದಿನಕ್ಕೆ ನಾಲ್ಕು ಕೊಡ ನೀರು ಸುರಿಯುತ್ತೇವೆ, ಕೆಳಗಿನ ತೂತಿನಿಂದ ನಾಲ್ಕು ಕೊಡ ಹೊರಗೆ ಹೋಗುತ್ತದೆ. ತೊಟ್ಟಿಯ ಮಟ್ಟ ಒಂದೇ ಸಮ ಇರುತ್ತದೆ. ದಿನಾ ನುಂಗುವ ಮಾತ್ರೆಯೂ ಹಾಗೆಯೇ. ನಮ್ಮ ಲಿವರ್, ಅಂದರೆ ಪಿತ್ತಜನಕಾಂಗ, ಮಾತ್ರೆಯನ್ನು ಒಡೆದು ಹೊರಗೆ ಕಳಿಸುತ್ತದೆ. ಡಾಕ್ಟರು ಈ ಲೆಕ್ಕ ನೋಡಿಯೇ ಪ್ರಮಾಣ ಗೊತ್ತು ಮಾಡಿರುತ್ತಾರೆ.

ಸಿಪ್ರೋಫ್ಲಾಕ್ಸಾಸಿನ್ ಈ ತೂತನ್ನು ಅರ್ಧಂಬರ್ಧ ಮುಚ್ಚಿಬಿಡುತ್ತದೆ. ಕ್ಲೋಜಪಿನ್ ಒಡೆಯುವ ಲಿವರಿನ ಕಿಣ್ವವನ್ನು ಅದು ತಡೆಯುತ್ತದೆ. ಮೇಲಿನಿಂದ ಸುರಿಯುವುದು ನಿಂತಿಲ್ಲ, ಕೆಳಗೆ ಹೋಗುವುದು ಕಡಿಮೆಯಾಯಿತು, ತೊಟ್ಟಿ ತುಂಬಿ ಹೊರಚೆಲ್ಲುತ್ತದೆ. ಜೋರಾದ ಸೋಂಕು ಬಂದಾಗ ಆ ಜ್ವರವೇ ತೂತನ್ನು ಸ್ವಲ್ಪ ಮುಚ್ಚುತ್ತದೆ. ಎರಡೂ ಸೇರಿದರೆ ಅಪಾಯ ಹೆಚ್ಚು. ಓಲಾಂಜಪಿನ್ ಮಾತ್ರೆಗೂ ಸಿಪ್ರೋಫ್ಲಾಕ್ಸಾಸಿನ್ ಹೀಗೇ ಮಾಡಬಹುದು.

ಇದು ಡಾಕ್ಟರುಗಳಿಗೆ ಗೊತ್ತಿರುವ ವಿಷಯವೇ. ಸಿಪ್ರೋಫ್ಲಾಕ್ಸಾಸಿನ್ ಕೊಡಲೇಬೇಕಾದರೆ ಕ್ಲೋಜಪಿನ್ ಪ್ರಮಾಣವನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕೆಂದು ಅಮೆರಿಕದ ಔಷಧ ಮಾಹಿತಿ ಪತ್ರದಲ್ಲಿದೆ. ಇಳಿಸುವುದು, ಏರಿಸುವುದು ಡಾಕ್ಟರ ಕೆಲಸ, ನಮ್ಮದಲ್ಲ. ನಮ್ಮ ಕೆಲಸ ಅವರಿಗೆ ತಿಳಿಸುವುದು.

ಇನ್ನೂ ಕೆಲವು ಜೋಡಿಗಳು

ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್: ಗಂಟಲು, ಎದೆಯ ಸೋಂಕಿಗೆ ಕೊಡುತ್ತಾರೆ. ಇವು ಕ್ವೆಟಿಯಾಪಿನ್ ಮಟ್ಟವನ್ನು ಏರಿಸುತ್ತವೆ. ಹ್ಯಾಲೋಪೆರಿಡಾಲ್ ಜೊತೆ ಸೇರಿದರೆ ಹೃದಯದ ಬಡಿತದ ತಾಳ ತಪ್ಪಬಹುದು. ಅಜಿತ್ರೋಮೈಸಿನ್, ಲಿವೋಫ್ಲಾಕ್ಸಾಸಿನ್ ಬಗ್ಗೆಯೂ ಎಚ್ಚರ ಬೇಕು. ವಾಂತಿ, ಭೇದಿಯಿಂದ ಮೈಯಲ್ಲಿ ಪೊಟ್ಯಾಸಿಯಂ ಕಡಿಮೆಯಾಗಿದ್ದರೆ ಈ ಅಪಾಯ ಇನ್ನೂ ಜಾಸ್ತಿ. ಬೇಕಿದ್ದರೆ ಡಾಕ್ಟರು ಇಸಿಜಿ ಮಾಡಿಸುತ್ತಾರೆ.

ರಿಫಾಂಪಿಸಿನ್: ಇದು ಕ್ಷಯರೋಗದ ಔಷಧ. ಇದರ ಕೆಲಸ ಉಲ್ಟಾ. ತೂತನ್ನೇ ದೊಡ್ಡದು ಮಾಡುತ್ತದೆ. ಹ್ಯಾಲೋಪೆರಿಡಾಲ್, ರಿಸ್ಪೆರಿಡೋನ್, ಕ್ವೆಟಿಯಾಪಿನ್, ಕ್ಲೋಜಪಿನ್ ಎಲ್ಲವೂ ಬೇಗ ಖಾಲಿಯಾಗುತ್ತವೆ. ಮಾತ್ರೆ ತಪ್ಪದೆ ನುಂಗಿದರೂ ಕೆಲವು ವಾರಗಳಲ್ಲಿ ಹಳೆಯ ಕಾಯಿಲೆ ತಲೆಯೆತ್ತಬಹುದು. ಆಗ "ಮಾತ್ರೆ ಉಗುಳ್ತಿದ್ದೀಯಾ?" ಎಂದು ರೋಗಿಯನ್ನು ಬೈಯುವುದು ಅನ್ಯಾಯ. ಕ್ಷಯದ ಮಾತ್ರೆಯನ್ನೂ ನಿಲ್ಲಿಸಬಾರದು. ಎರಡೂ ಕಡೆಯ ಡಾಕ್ಟರಿಗೆ ತಿಳಿಸಬೇಕು. ಕ್ಷಯದ ಚಿಕಿತ್ಸೆ ಮುಗಿದ ಮೇಲೆ ತೂತು ಮತ್ತೆ ಚಿಕ್ಕದಾಗುತ್ತದೆ, ಆಗಲೂ ಪ್ರಮಾಣ ನೋಡಬೇಕಾಗುತ್ತದೆ. ಇನ್ನೊಂದು ಮಾತು: ರಿಫಾಂಪಿಸಿನ್ ತೆಗೆದುಕೊಳ್ಳುವಾಗ ಗರ್ಭನಿರೋಧಕ ಗುಳಿಗೆಯೂ ಕೈಕೊಡುತ್ತದೆ. ಬೇರೆ ವಿಧಾನ ಕೇಳಿ ತಿಳಿಯಿರಿ.

ಬೀಡಿ, ಸಿಗರೇಟು: ಇದು ಔಷಧವಲ್ಲ, ಆದರೂ ಗೊತ್ತಿರಲಿ. ಹೊಗೆಯೂ ತೂತನ್ನು ದೊಡ್ಡದು ಮಾಡುತ್ತದೆ. ದಿನಕ್ಕೆ ಕಟ್ಟುಗಟ್ಟಲೆ ಬೀಡಿ ಸೇದುವವರು ಆಸ್ಪತ್ರೆಗೆ ಸೇರಿ ಒಮ್ಮೆಲೇ ಬಿಟ್ಟರೆ ಕ್ಲೋಜಪಿನ್, ಓಲಾಂಜಪಿನ್ ಮಟ್ಟ ಏರುತ್ತದೆ. ಬೀಡಿ ಬಿಡುವುದು ಒಳ್ಳೆಯದೇ. ಡಾಕ್ಟರಿಗೆ ಹೇಳಿ ಬಿಡಬೇಕು, ಅಷ್ಟೇ.

ಎಲ್ಲಾ ಆಂಟಿಬಯೋಟಿಕ್‌ಗಳೂ ಹೀಗಲ್ಲ. ಅಮಾಕ್ಸಿಸಿಲಿನ್‌ನಂಥವು ಸಾಮಾನ್ಯವಾಗಿ ಈ ತೊಂದರೆ ಕೊಡುವುದಿಲ್ಲ. ವಿಷಯ ಗೊತ್ತಿದ್ದರೆ ಡಾಕ್ಟರು ಹೊಂದುವ ಔಷಧವನ್ನೇ ಆರಿಸುತ್ತಾರೆ.

ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರ ಬಂದರೆ

ಇದನ್ನು ವಿಶೇಷವಾಗಿ ನೆನಪಿಡಿ. ಕ್ಲೋಜಪಿನ್ ಕೆಲವರಲ್ಲಿ ರಕ್ತದ ಬಿಳಿಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಅದಕ್ಕಾಗಿಯೇ ಆಗಾಗ ರಕ್ತ ಪರೀಕ್ಷೆ ಮಾಡಿಸುವುದು. ಜ್ವರ, ಗಂಟಲು ನೋವು, ಬಾಯಿಹುಣ್ಣು ಬಂದರೆ ಅಂಗಡಿಯಿಂದ ಮಾತ್ರೆ ತಂದು ಕೊಡುವುದು ಬೇಡ್ವೇ ಬೇಡ. ಅದೇ ದಿನ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಚಿಹ್ನೆಗಳು

1. ಎಬ್ಬಿಸಿದರೂ ಸರಿಯಾಗಿ ಏಳದಷ್ಟು ನಿದ್ದೆ, ಗಲಿಬಿಲಿ
2. ಫಿಟ್ಸ್
3. ತಲೆಸುತ್ತಿ ಬೀಳುವುದು, ಎದೆ ಡವಗುಟ್ಟುವುದು
4. ಮೈ ಸೆಟೆದುಕೊಂಡು ಜೋರು ಜ್ವರ
5. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಮಲಬದ್ಧತೆಯ ಜೊತೆ ಹೊಟ್ಟೆ ಉಬ್ಬರ, ನೋವು, ವಾಂತಿ

ನಾವು ಏನು ಮಾಡಬಹುದು?

• ಮನೆಯಲ್ಲಿರುವ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ ಒಂದು ಚೀಟಿಯಲ್ಲಿ ಬರೆದಿಡಿ. ಓದು ಬರಹ ಬಾರದಿದ್ದರೆ ಮಾತ್ರೆಯ ಪಟ್ಟಿಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ.

• ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನ ಡಾಕ್ಟರಾದರೂ ಸರಿ, "ಡಾಕ್ಟ್ರೇ, ಇವರು ಈ ಮಾತ್ರೆನೂ ತಗೋತಾರೆ, ಎರಡೂ ಒಟ್ಟಿಗೆ ಕೊಡಬಹುದಾ?" ಎಂದು ಕೇಳಿ. ನಾಚಿಕೆ ಬೇಡ. ರೋಗಿಯ ವಿಷಯ ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

• ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧ. ಆಂಟಿಬಯೋಟಿಕ್ ಬಗ್ಗೆ ಜನರನ್ನು ಎಚ್ಚರಿಸಲು 2016ರಲ್ಲಿ ಕೇಂದ್ರ ಸರ್ಕಾರ ಈ ಕೆಂಪು ಗೆರೆಯ ಪ್ರಚಾರ ಆರಂಭಿಸಿತು.

• ಹೆದರಿ ಮಾನಸಿಕ ಕಾಯಿಲೆಯ ಮಾತ್ರೆ ನಿಲ್ಲಿಸಬೇಡಿ. ಕ್ಲೋಜಪಿನ್ ಎರಡು ದಿನ ತಪ್ಪಿಹೋದರೆ ಹಳೆಯ ಪ್ರಮಾಣದಲ್ಲೇ ಮತ್ತೆ ಶುರು ಮಾಡಬಾರದು, ಡಾಕ್ಟರನ್ನು ಕೇಳಿ.

• ಯಾರನ್ನು ಕೇಳುವುದೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಆರಂಭವಾದ ಈ ಸೇವೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೇಲಿನ ಅಪಾಯದ ಚಿಹ್ನೆ ಇದ್ದರೆ ಮಾತ್ರ ಫೋನಿಗೆ ಕಾಯದೆ 108 ಕರೆಯಿರಿ.

ಸಭೆಯಲ್ಲಿ ಚರ್ಚಿಸೋಣ

1. ಮಾನಸಿಕ ಕಾಯಿಲೆಯ ವಿಷಯವನ್ನು ನಾವು ಡಾಕ್ಟರ ಹತ್ತಿರವೂ ಏಕೆ ಮುಚ್ಚಿಡುತ್ತೇವೆ?
2. ಚೀಟಿ ಇಲ್ಲದೆ ಮಾತ್ರೆ ತರುವ ಅಭ್ಯಾಸ ನಮ್ಮ ಮನೆಗಳಲ್ಲಿ ಎಷ್ಟಿದೆ?
3. ತೊಟ್ಟಿಯ ಉದಾಹರಣೆಯನ್ನು ನಿಮ್ಮ ಮಾತಿನಲ್ಲಿ ಪಕ್ಕದವರಿಗೆ ವಿವರಿಸಿ.
4. ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದ ಸದಸ್ಯೆಗೆ ಸಂಘದ ಹಣದಿಂದ ತುರ್ತು ಸಾಲ ಕೊಡಲು ನಾವು ಏನು ನಿರ್ಣಯ ಮಾಡಬಹುದು?

ಈ ವಾರವೇ ಒಬ್ಬೊಬ್ಬರೂ ಮನೆಯ ಮಾತ್ರೆ ಚೀಟಿ ಬರೆದು ತರೋಣ. ಬರೆಯಲು ಬಾರದ ಅಕ್ಕಂದಿರಿಗೆ ಬರೆಯಲು ಬಲ್ಲವರು ಬರೆದುಕೊಡಲಿ. ಚೀಟಿಯಲ್ಲಿ ಏನಿದೆ ಎಂಬುದು ಸಂಘದಿಂದ ಹೊರಗೆ ಹೋಗಬಾರದು.