ಜೀವಕೋಶದಲ್ಲಿ ಸತುವಿನ ಸಂಚಾರ

ವಯಸ್ಕರ ದೇಹದಲ್ಲಿ ಸುಮಾರು 2ರಿಂದ 3 ಗ್ರಾಂ ಸತುವು ಇರುತ್ತದೆ. ಜೀವಕೋಶದೊಳಗೆ ಅದು ಬಿಡಿಯಾಗಿ ಉಳಿಯುವುದು ಅತ್ಯಲ್ಪ. ಸತುವಿನ ಅಯಾನುಗಳು ಮುಖ್ಯವಾಗಿ ಪ್ರೋಟೀನುಗಳಲ್ಲಿರುವ ಗಂಧಕ ಹಾಗೂ ಸಾರಜನಕದ ಪರಮಾಣುಗಳಿಗೆ ಬಂಧಿತವಾಗಿರುತ್ತವೆ. ಮೆಟಲೊಥಯೊನೀನ್ ಎಂಬ ಪುಟ್ಟ ಪ್ರೋಟೀನು ಏಕಕಾಲಕ್ಕೆ 7 ಅಯಾನುಗಳನ್ನು ಹಿಡಿದಿರಿಸಿ, ಅಗತ್ಯವಿರುವ ಇತರ ಪ್ರೋಟೀನುಗಳಿಗೆ ಒಪ್ಪಿಸಬಲ್ಲದು. ಜೀವಕೋಶಗಳ ವಿಭಜನೆ, ಕರುಳಿನ ಒಳಪದರದ ದುರಸ್ತಿ ಹಾಗೂ ರೋಗನಿರೋಧಕ ಶಕ್ತಿಗೆ ಈ ಪೂರೈಕೆ ಅತ್ಯಗತ್ಯ. ಆದರೆ ಸತುವನ್ನು ದೀರ್ಘಕಾಲ ಶೇಖರಿಸಿಡುವ ವ್ಯವಸ್ಥೆ ದೇಹದಲ್ಲಿಲ್ಲ.

ಠಾಣೆ ಜಿಲ್ಲೆಯ ಬದಲಾಪುರದ ಹಲವು ಭಾಗಗಳು 2019ರ ಜುಲೈ ತಿಂಗಳಲ್ಲಿ ಉಲ್ಹಾಸ್ ನದಿಯ ನೆರೆಯಿಂದ ಜಲಾವೃತವಾಗಿದ್ದವು. ಅಂತಹ ದಿನಗಳಲ್ಲಿ ಕುಡಿಯುವ ನೀರು ಕಲುಷಿತಗೊಂಡರೆ ಮಕ್ಕಳಿಗೆ ಅತಿಸಾರ ತಗಲುವ ಸಂಭವ ಹೆಚ್ಚು. ಅತಿಸಾರದೊಡನೆ ಸತುವೂ ದೇಹದಿಂದ ಹೊರಹೋಗುತ್ತದೆ. ಆದುದರಿಂದ ಓ.ಆರ್.ಎಸ್. ದ್ರಾವಣದ ಜೊತೆಗೆ ಸತುವನ್ನೂ ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಶಿಫಾರಸು ಮಾಡಿದವು.

ಆರೋಗ್ಯ ಕಾರ್ಯಕರ್ತೆಯು ವಯಸ್ಸಿಗನುಗುಣವಾಗಿ ಸೂಚಿಸಿದ ಪ್ರಮಾಣದಲ್ಲಿ ಸತುವಿನ ಮಾತ್ರೆಯನ್ನು 14 ದಿನ ಕೊಡತಕ್ಕದ್ದು. ಭೇದಿ ನಿಂತಿತೆಂದು ಮಾತ್ರೆಯನ್ನು ನಿಲ್ಲಿಸಬಾರದು. ಬರಿದಾದ ಪ್ರೋಟೀನುಗಳಿಗೆ ಸತುವು ಮರಳಿ ಒದಗಬೇಕು. ಮುಂದಿನ 2–3 ತಿಂಗಳು ಅತಿಸಾರ ಮರುಕಳಿಸುವ ಸಂಭವವೂ ಇದರಿಂದ ತಗ್ಗುತ್ತದೆ. ಮೊಳಕೆ ಬರಿಸಿದ ರಾಗಿ ಹಾಗೂ ಕಾಳುಗಳಿಂದ ಸತುವು ದೇಹಕ್ಕೆ ಹೆಚ್ಚು ದಕ್ಕುತ್ತದೆ ಎಂಬುದನ್ನೂ ಗಮನಿಸಬೇಕು.