ಕಾಯಕದ ಬೆಲೆಯೂ ಹಿಂದಕ್ಕೆ ಬೇಡುವ ಹಣವೂ

ಆಯ್ದಕ್ಕಿ ಮಾರಯ್ಯನವರ ಕಥೆಯು ಶರಣರ ಮನೆಗಳಲ್ಲಿ ಮಕ್ಕಳಿಗೂ ತಿಳಿದಿರುವಂಥದು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯು ಮನೆಗೆ ಬಂದಾಗ ಲಕ್ಕಮ್ಮನವರು ಅದನ್ನೊಪ್ಪದೆ, ಹೆಚ್ಚಿನದನ್ನು ಇದ್ದ ಸ್ಥಳದಲ್ಲಿಯೇ ಸುರಿದು ಬರಬೇಕೆಂದು ಪತಿಯನ್ನು ಹಿಂದಕ್ಕೆ ಕಳುಹಿಸಿದರು. ನುಲಿಯ ಚಂದಯ್ಯನವರ ಕಥೆಯೂ ಇದೇ ಬಗೆಯದು. ಹಗ್ಗಕ್ಕೆ ತಕ್ಕ ಬೆಲೆಗಿಂತ ಹೆಚ್ಚಿನ ಹೊನ್ನು ಬಂದಾಗ ಅವರು ಅದನ್ನು ಕೈಕೊಳ್ಳಲಿಲ್ಲ. ಇವನ್ನು ನಿರಾಶೆಯ ದೃಷ್ಟಾಂತಗಳೆಂದು ಹೇಳಿ ಮುಗಿಸುವುದುಂಟು. ಆದರೆ ಇವುಗಳಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಹೆಚ್ಚಿನದನ್ನು ಮರಳಿಸಬೇಕೆನ್ನುವ ಮೊದಲು ಹೆಚ್ಚೆಷ್ಟು, ತಕ್ಕುದೆಷ್ಟು ಎಂಬುದನ್ನು ಅಳೆದಿರಬೇಕಷ್ಟೆ. ಲಕ್ಕಮ್ಮನವರು ಅಂದಿನ ಕಾಯಕಕ್ಕೆ ಸಂದ ಅಕ್ಕಿಯನ್ನೂ ಸುರಿದು ಬರಹೇಳಲಿಲ್ಲ. ಅದು ದುಡಿಮೆಯ ಫಲ. ಅದರಿಂದಲೇ ದಾಸೋಹವು ನಡೆಯತಕ್ಕದ್ದು.

ಈ ಅಳತೆಯ ಪ್ರಶ್ನೆಯು ಈಗ ಹೊಸ ವೇಷದಲ್ಲಿ ಗೃಹಸ್ಥರ ಮುಂದೆ ಬಂದು ನಿಂತಿದೆ. ಇಳಕಲ್ಲಿನ ನೇಕಾರ ಮನೆತನದ ಗೃಹಿಣಿಯೊಬ್ಬಳು ಸೀರೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ವಾಟ್ಸ್‌ಆ್ಯಪಿನಲ್ಲಿಯೋ, ಅಂತರ್ಜಾಲದ ದೊಡ್ಡ ಮಾರಾಟ ತಾಣದಲ್ಲಿಯೋ ಹಾಕುತ್ತಾಳೆ. ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಇರುವ ಗಿರಾಕಿಯು ಅದನ್ನು ಕಂಡು ಹಣ ಕಳುಹಿಸಿ ತರಿಸಿಕೊಳ್ಳುತ್ತಾಳೆ. ಕೊಡುವವಳು ಕೊಳ್ಳುವವಳ ಮುಖವನ್ನು ಕಂಡಿಲ್ಲ. ಕೊಳ್ಳುವವಳು ಬಟ್ಟೆಯನ್ನು ಮುಟ್ಟಿ ನೋಡಿಲ್ಲ. ಸಂತೆಯಲ್ಲಿ ಸೀರೆಯನ್ನು ಬಿಸಿಲಿಗೆ ಹಿಡಿದು, ಅಂಚನ್ನು ಉಜ್ಜಿ ನೋಡಿ ತೀರ್ಮಾನವಾಗುತ್ತಿದ್ದ ಸಂಶಯಗಳೆಲ್ಲವೂ ಇಲ್ಲಿ ಮಾರಾಟವಾದ ಮೇಲೆಯೇ ಏಳುತ್ತವೆ. ಆದುದರಿಂದ “ಹಣ ಹಿಂದಕ್ಕೆ ಕೊಡಿ” ಎಂಬ ಮಾತು ಈ ವ್ಯಾಪಾರದಲ್ಲಿ ಅಪರೂಪವಲ್ಲ. ಅದರಲ್ಲಿ ನ್ಯಾಯವಾದದ್ದು ಯಾವುದು, ಅನ್ಯಾಯವಾದದ್ದು ಯಾವುದು?

ನ್ಯಾಯದ ಬೇಡಿಕೆಯ ವಿಷಯದಲ್ಲಿ ಹೆಚ್ಚು ಚರ್ಚೆಯ ಅವಶ್ಯಕತೆಯಿಲ್ಲ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ, ಅದರ ಮೇರೆಗೆ ೨೦೨೦ರ ಜುಲೈಯಲ್ಲಿ ಹೊರಟ ಇ-ಕಾಮರ್ಸ್ ನಿಯಮಗಳೂ ಇದನ್ನು ಸ್ಪಷ್ಟಪಡಿಸಿವೆ. ಮಾಲು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣಗಳಿಲ್ಲದಿದ್ದರೆ, ಅಥವಾ ಹೇಳಿದ ಅವಧಿಯನ್ನು ಮೀರಿ ತಲುಪಿದರೆ ಮಾರಿದವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸಕೂಡದು. ಕೈಮೀರಿದ ಕಾರಣದಿಂದ ತಡವಾದುದಕ್ಕೆ ಮಾತ್ರ ವಿನಾಯಿತಿಯುಂಟು. ರಸೀತಿಯಲ್ಲಿ ಅವಧಿಯನ್ನು ಬರೆದಿರದಿದ್ದರೆ, ದೋಷದ ಮಾಲನ್ನು ೩೦ ದಿನಗಳೊಳಗೆ ಹಿಂದಕ್ಕೆ ಪಡೆದು ಹಣ ಕೊಡದಿರುವುದು ಅನುಚಿತ ವ್ಯಾಪಾರವೆನಿಸುತ್ತದೆ. “ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ” ಎಂದು ದಪ್ಪಕ್ಷರದಲ್ಲಿ ಬರೆದುಕೊಂಡ ಮಾತ್ರಕ್ಕೆ ಈ ಹೊಣೆಯು ತಪ್ಪುವುದಿಲ್ಲ. ಯಂತ್ರಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಹೇಳಿ ಮಾರುವವರು ಉಂಟು. ಅಂಥವರಿಗೆ ಗಿರಾಕಿಯ ಅನ್ಯಾಯದ ಮಾತನ್ನೆತ್ತುವ ಬಾಯಿಯೇ ಇಲ್ಲ.

ಇನ್ನು ಗಿರಾಕಿಯ ಮನಸ್ಸು ಬದಲಾದುದರ ವಿಚಾರ. ಮನೆಗೆ ಬಂದ ಮೇಲೆ ಬಣ್ಣವು ಒಗ್ಗಲಿಲ್ಲ, ಅತ್ತೆಯವರಿಗೆ ಹಿಡಿಸಲಿಲ್ಲ ಎಂಬ ಕಾರಣಕ್ಕೆ ಹಣ ಮರಳಿಸಲೇಬೇಕೆಂದು ಈ ನಿಯಮಗಳು ವಿಧಿಸಿಲ್ಲ. ಅದು ಮಾರುವವನು ಮೊದಲೇ ಪ್ರಕಟಿಸಿದ ಕರಾರಿಗೆ, ಅಥವಾ ಆತನು ಸೇರಿಕೊಂಡ ಮಾರಾಟ ತಾಣದ ಕರಾರಿಗೆ ಸೇರಿದ್ದು. ಕರಾರಿನಲ್ಲಿ ಏಳು ದಿನವೆಂದು ಹೇಳಿದ್ದರೆ ಏಳನೆಯ ದಿನವೂ ಮುಖ ಸಿಂಡರಿಸದೆ ತೆಗೆದುಕೊಳ್ಳತಕ್ಕದ್ದು. ನುಡಿದುದನ್ನು ನಡೆಸುವುದಷ್ಟೇ ಅಲ್ಲಿನ ಪ್ರಶ್ನೆ.

ಇವೆರಡಕ್ಕೂ ಹೊರತಾದ ಬೇಡಿಕೆಗಳೇ ಗೃಹಸ್ಥನನ್ನು ನಿಜವಾಗಿ ಕಂಗೆಡಿಸುವುವು. ಮದುವೆಯಲ್ಲಿ ಉಟ್ಟು, ಅರಿಸಿನದ ಕಲೆ ಮಾಡಿ, ಫಾಲ್ ಹೊಲಿಸಿದ ಸೀರೆಯನ್ನು “ಉಟ್ಟಿಲ್ಲ” ಎಂದು ಕಳುಹಿಸುವುದು. ಹೊಸ ಸೀರೆಯನ್ನಿಟ್ಟುಕೊಂಡು ಹಳೆಯದನ್ನು ಪೊಟ್ಟಣದಲ್ಲಿಟ್ಟು ಮರಳಿಸುವುದು. ಸೀರೆಯೂ ತನ್ನಲ್ಲಿಯೇ ಇರಬೇಕು, ಅರ್ಧ ಹಣವೂ ಬರಬೇಕು, ಇಲ್ಲವಾದರೆ ತಾಣದಲ್ಲಿ ಒಂದೇ ನಕ್ಷತ್ರ ಕೊಟ್ಟು ಹೆಸರು ಕೆಡಿಸುವೆನೆಂದು ಬೆದರಿಸುವುದು. ಇಂಥ ಸಮಯದಲ್ಲಿ ಸಾತ್ವಿಕರಾದ ಕೆಲವರು, “ಹೋಗಲಿ, ಕೊಟ್ಟುಬಿಡೋಣ, ಶಿವನು ಕೊಟ್ಟಾನು” ಎನ್ನುತ್ತಾರೆ. ಇದು ಔದಾರ್ಯವೇ?

ವಿಚಾರಿಸಿ ನೋಡಬೇಕು. ಸೀರೆಯ ಬೆಲೆ ೨,೦೦೦ ರೂಪಾಯಿಯೆಂದಿಟ್ಟುಕೊಳ್ಳೋಣ. ಅದರಲ್ಲಿ ನೂಲಿನವನ ಪಾಲಿದೆ, ಬಣ್ಣದವನ ಪಾಲಿದೆ, ಕೊರಿಯರಿನವನ ಪಾಲಿದೆ. ಸೀರೆಯನ್ನೂ ಬಿಟ್ಟು ಹಣವನ್ನೂ ಬಿಟ್ಟರೆ ಇವರಾರೂ ತಮ್ಮ ಪಾಲನ್ನು ಬಿಡುವುದಿಲ್ಲ. ಬಿಡಬೇಕಾಗುವುದು ದಿನಗಟ್ಟಲೆ ಮಗ್ಗದಲ್ಲಿ ಕುಳಿತವನ ಕೂಲಿಯನ್ನೇ. ಇನ್ನೊಬ್ಬರ ಕೂಲಿಯನ್ನು ತೆತ್ತು ತಾನು ಉದಾರಿಯೆನಿಸಿಕೊಳ್ಳುವುದು ದಾಸೋಹವಾಗಲಾರದು. ದಾಸೋಹವು ತನ್ನದನ್ನು ನಿರ್ಭಯದಿಂದಲೂ ನಿರಹಂಕಾರದಿಂದಲೂ ನೀಡುವುದು. ಬೆದರಿಕೆಗೆ ಅಂಜಿ ಕೊಟ್ಟದ್ದು ದಂಡವೇ ಹೊರತು ದಾನವಲ್ಲ. ಪಡೆದವರಿಗಾದರೂ ಅದರಿಂದ ಹಿತವೇನು? ಅನರ್ಜಿತವಾದುದನ್ನು ಪಡೆಯುವ ಅಭ್ಯಾಸವಷ್ಟೇ ಬೆಳೆಯುವುದು.

ಹಾಗೆಂದು ಸಿಟ್ಟಿನ ಉತ್ತರವೂ ಸಲ್ಲದು. ಗಿರಾಕಿಯ ಅಜ್ಞಾನವನ್ನು ವಂಚನೆಯೆಂದು ಭ್ರಮಿಸುವ ಸಂದರ್ಭಗಳು ಬಹಳ. ಇಳಕಲ್ ಸೀರೆಯ ಕೊಂಡಿಯನ್ನೇ ನೋಡಬಹುದು. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕುಣಿಕೆ ಕುಣಿಕೆಯಾಗಿ ಕೂಡಿಸುವ ಈ ವಿದ್ಯೆಯೇ ಆ ಸೀರೆಯ ಹೆಗ್ಗುರುತು. ಅದನ್ನರಿಯದವರಿಗೆ ಒಡಲೂ ಕೆಂಪು ಸೆರಗೂ ಕೂಡುವಲ್ಲಿಯ ಗೆರೆಯು “ಎರಡು ತುಂಡು ಸೇರಿಸಿ ಮೋಸ ಮಾಡಿದ್ದಾರೆ” ಎಂಬಂತೆ ಕಾಣುತ್ತದೆ. ಕೈಮಗ್ಗದ ಅಂಚಿನುದ್ದಕ್ಕೂ ಬಟ್ಟೆಯನ್ನು ಬಿಗಿಹಿಡಿದ ಮೊಳೆಗಳ ಸಣ್ಣ ತೂತುಗಳು, ಅಲ್ಲಲ್ಲಿ ದಪ್ಪವಾದ ಹೊಕ್ಕಿನ ಎಳೆ, ಇವೂ ಹಾಗೆಯೇ. ಇದು ಗಿರಾಕಿಯ ಕಪಟವಲ್ಲ, ಹೇಳದೆ ಬಿಟ್ಟ ಮಾರುವವನ ಕೊರತೆ. ಚಿತ್ರದ ಕೆಳಗೆ ಕೊಂಡಿಯ ವಿಷಯವಾಗಿ ಎರಡು ಸಾಲು ಬರೆದು, ಅದರ ಹತ್ತಿರದ ಚಿತ್ರವೊಂದನ್ನೂ ಸೇರಿಸಿದರೆ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ. ಬಣ್ಣವನ್ನು ಹಗಲ ಬೆಳಕಿನಲ್ಲಿ ತೋರಿಸಿ, “ಪರದೆಯ ಮೇಲೆ ತುಸು ವ್ಯತ್ಯಾಸ ಕಂಡೀತು” ಎಂದು ಮೊದಲೇ ತಿಳಿಸಬೇಕು. ಉದ್ದವನ್ನೂ, ನೂಲು ಹತ್ತಿಯೋ ರೇಷ್ಮೆಯೋ ಕೃತಕ ರೇಷ್ಮೆಯೋ ಎಂಬುದನ್ನೂ, ಮೊದಲ ಸಲ ಬೇರೆಯಾಗಿ ತಣ್ಣೀರಿನಲ್ಲಿ ಒಗೆಯಬೇಕೆಂಬುದನ್ನೂ ಬರೆಯಬೇಕು.

ಎರಡನೆಯದು ಸಾಕ್ಷಿ. ಪೊಟ್ಟಣ ಕಟ್ಟುವಾಗ ಸೀರೆಯನ್ನು ಪೂರ್ತಿ ಬಿಚ್ಚಿ ತೋರಿಸಿ, ಕೊರಿಯರ್ ಚೀಟಿಯ ಸಂಖ್ಯೆಯೂ ಕಾಣುವಂತೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಬೇಕು. ತೂಕವನ್ನು ಗುರುತು ಹಾಕಿಕೊಳ್ಳಬೇಕು. ಮರಳಿ ಬಂದ ಪೊಟ್ಟಣವನ್ನು ಒಡೆಯುವಾಗಲೂ ಇದೇ ಕ್ರಮ. ಬದಲಿಸಿದ ಸೀರೆಯು ಬಂದಾಗ ದೊಡ್ಡ ತಾಣಗಳಿಗೆ ದೂರು ಕೊಡಲು ಗಡುವಿರುವುದರಿಂದ, ಪೊಟ್ಟಣವನ್ನು ಒಡೆಯದೆ ಮೂಲೆಯಲ್ಲಿಟ್ಟವರಿಗೆ ಸತ್ಯವು ತಮ್ಮ ಕಡೆಗಿದ್ದರೂ ಹಣವು ಸಿಕ್ಕದು.

ಮೂರನೆಯದು ಮಾತು. ದೂರು ಬಂದಾಗ ೪೮ ತಾಸುಗಳೊಳಗೆ ಅದು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ನಿಯಮವಿದೆ. ಉತ್ತರವು ಹೀಗಿದ್ದರೆ ಸಾಕು: “ಅಕ್ಕನವರೇ, ತಮ್ಮ ಪತ್ರ ತಲುಪಿತು. ಸೀರೆಯಲ್ಲಿ ದೋಷವಿದ್ದರೆ ಪೂರ್ಣ ಹಣವನ್ನು ಮರಳಿಸುವುದು ನಮ್ಮ ಕರ್ತವ್ಯ. ದೋಷದ ಚಿತ್ರವನ್ನು ದಯವಿಟ್ಟು ಕಳುಹಿಸಿರಿ. ಉಟ್ಟ ಸೀರೆಯನ್ನು ಹಿಂದಕ್ಕೆ ಪಡೆಯುವುದು ನಮ್ಮಿಂದಾಗದೆಂದು ಮಾರುವಾಗಲೇ ತಿಳಿಸಿದ್ದೇವೆ.” ಇದರಲ್ಲಿ ದೈನ್ಯವೂ ಇಲ್ಲ, ಬಿರುಸೂ ಇಲ್ಲ. ನಕ್ಷತ್ರ ಕಡಿಮೆ ಮಾಡಿದರೆ ಅದೇ ಸ್ಥಳದಲ್ಲಿ ನಡೆದುದನ್ನು ಒಂದು ಸಲ ಬರೆದು ಸುಮ್ಮನಾಗಬೇಕು. ಗಿರಾಕಿಯ ಹೆಸರು, ದೂರವಾಣಿಗಳನ್ನು ಹತ್ತು ಜನರಿಗೆ ಹಂಚುವುದು ಹೇಡಿತನ. ಯಾರದು ಸರಿಯೆಂದು ತೀರ್ಮಾನಿಸಲಾಗದ ಪ್ರಸಂಗಗಳಲ್ಲಿ ಮೊದಲ ಸಲ ಮಾರುವವನೇ ಸೋಲುವುದು ಲೇಸು. ಅದೇ ಗಿರಾಕಿ ಮತ್ತೆ ಮತ್ತೆ ಹಾಗೆ ಮಾಡಿದರೆ ಮುಂದೆ ಮಾರದಿರುವ ಸ್ವಾತಂತ್ರ್ಯವಿದ್ದೇ ಇದೆ.

ಕೆಲವು ಬೇಡಿಕೆಗಳಲ್ಲಿ ಗಿರಾಕಿಯೇ ಇರುವುದಿಲ್ಲ. “೨೦೦೦ಕ್ಕೆ ಬದಲು ತಪ್ಪಿ ೨೦,೦೦೦ ಕಳುಹಿಸಿದೆ, ಹೆಚ್ಚಿನದನ್ನು ಬೇಗ ಹಾಕಿರಿ” ಎಂದು ರಸೀತಿಯ ಚಿತ್ರವೊಂದು ಬರುತ್ತದೆ. ಲಕ್ಕಮ್ಮನವರ ಕಥೆಯನ್ನು ಕೇಳಿ ಬೆಳೆದವರು ಇದಕ್ಕೆ ಬೇಗನೆ ಬಲಿಯಾಗುತ್ತಾರೆ. ಹೆಚ್ಚಿನದನ್ನು ಇಟ್ಟುಕೊಳ್ಳಬಾರದೆಂಬುದು ಅವರ ರಕ್ತದಲ್ಲಿಯೇ ಇದೆ. ಆದರೆ ಲಕ್ಕಮ್ಮನವರು ಅಕ್ಕಿಯನ್ನು ಕಣ್ಣಾರೆ ಕಂಡು ಮಾತನಾಡಿದರು. ಚಿತ್ರವನ್ನು ನಂಬದೆ ಬ್ಯಾಂಕಿನ ಖಾತೆಯನ್ನೇ ತೆರೆದು ನೋಡಬೇಕು. ಯುಪಿಐಯಲ್ಲಿ ಹಣ ಪಡೆಯುವುದಕ್ಕೆ ಪಿನ್ ಸಂಖ್ಯೆಯನ್ನು ಒತ್ತುವ ಅಗತ್ಯವೇ ಇಲ್ಲ. ಒತ್ತಿರೆಂದು ಹೇಳಿದಲ್ಲಿ ಹಣ ಹೋಗುತ್ತಿದೆಯೆಂದೇ ತಿಳಿಯಬೇಕು.

ಮರಳಿ ಬಂದ ಸೀರೆಯ ಗತಿಯೇನು ಎಂಬುದೊಂದು ಉಳಿಯಿತು. ಒಬ್ಬರು ಉಟ್ಟು ಮರಳಿಸಿದ್ದನ್ನು ಇಸ್ತ್ರಿ ಮಾಡಿಸಿ, ಹೊಸದೆಂದು ಇನ್ನೊಬ್ಬರಿಗೆ ಮಾರುವ ಆಸೆಯು ನಷ್ಟವುಂಡವನಿಗೆ ಸಹಜವಾಗಿಯೇ ಹುಟ್ಟುತ್ತದೆ. ಅದನ್ನು ಬೇರೆಯಾಗಿಟ್ಟು, “ಒಮ್ಮೆ ಉಟ್ಟು ಮರಳಿಸಿದ್ದು” ಎಂಬ ಚೀಟಿಯೊಡನೆ ಕಡಿಮೆ ಬೆಲೆಗೆ ಕೊಡಬೇಕು. ತೆಗೆದುಕೊಳ್ಳುವವರು ಊರಿನಲ್ಲಿಯೇ ಇರುತ್ತಾರೆ.