ಹಾಡಿನ ಹಿಂದಿನ ವ್ಯಾಪಾರ

ಮಕ್ಕಳೇ, ಜಾತ್ರೆಯಲ್ಲಿ ಹಾಡಿನ ಕಾರ್ಯಕ್ರಮ ನೋಡಿದ್ದೀರಲ್ಲವೇ? ಹಾಡುವವರು ವೇದಿಕೆಯ ಮೇಲೆ ಕಾಣುತ್ತಾರೆ. ಚಪ್ಪರ, ದೀಪ, ಧ್ವನಿವರ್ಧಕಗಳನ್ನು ಏರ್ಪಡಿಸುವವರು ಕಾಣುವುದಿಲ್ಲ. ಅವರೇ ಸಂಘಟಕರು.

ಅಮೆರಿಕದಲ್ಲಿ ಇದು ದೊಡ್ಡ ವ್ಯಾಪಾರ. ಹಿಂದೆ ಅಲ್ಲಿ ಒಂದೊಂದು ಪ್ರದೇಶಕ್ಕೂ ಬೇರೆ ಬೇರೆ ಸಂಘಟಕರಿದ್ದರು. 1990ರ ದಶಕದ ಕೊನೆಯಲ್ಲಿ ಎಸ್.ಎಫ್.ಎಕ್ಸ್. ಎಂಬ ಕಂಪನಿಯು ಅಂತಹ ಅನೇಕರ ಸಂಸ್ಥೆಗಳನ್ನು ಕೊಂಡುಕೊಂಡಿತು. 2000ದಲ್ಲಿ ಕ್ಲಿಯರ್ ಚಾನೆಲ್ ಎಂಬ ರೇಡಿಯೋ ಕಂಪನಿಯು ಅದನ್ನೇ ಕೊಂಡಿತು. 2005ರಲ್ಲಿ ಈ ವ್ಯಾಪಾರವು ಬೇರೆಯಾಗಿ 'ಲೈವ್ ನೇಷನ್' ಎನಿಸಿತು. 2010ರಲ್ಲಿ ಟಿಕೆಟ್ ಮಾರುವ 'ಟಿಕೆಟ್‌ಮಾಸ್ಟರ್' ಕಂಪನಿಯೂ ಇದರೊಡನೆ ಸೇರಿತು.

ಇದರಿಂದ ಅನುಕೂಲವುಂಟು. ಗಾಯಕರು ಒಂದೇ ಕಂಪನಿಯ ಮೂಲಕ ಹಲವು ನಗರಗಳಲ್ಲಿ ಹಾಡಬಹುದು. ಆದರೆ ಸಭಾಂಗಣ, ಕಾರ್ಯಕ್ರಮ, ಟಿಕೆಟ್ ಮೂರೂ ಒಬ್ಬರ ಕೈಗೆ ಸೇರಿದರೆ? ಸಂತೆಯಲ್ಲಿ ಒಂದೇ ಅಂಗಡಿಯಿದ್ದರೆ ಅಂಗಡಿಯವನು ಹೇಳಿದ್ದೇ ಬೆಲೆಯಲ್ಲವೇ? ಈ ಕಂಪನಿ ಸ್ಪರ್ಧೆಯನ್ನು ತಡೆಯುತ್ತಿದೆ ಎಂದು ಆರೋಪಿಸಿ 2024ರಲ್ಲಿ ಅಮೆರಿಕ ಸರಕಾರವು ಮೊಕದ್ದಮೆ ಹೂಡಿತು.

ವ್ಯಾಪಾರ ಬೆಳೆಯಲಿ, ಕೊಳ್ಳುವವರಿಗೆ ಆಯ್ಕೆಯೂ ಉಳಿಯಲಿ.

ಪದಗಳ ಅರ್ಥ
ಸಭಾಂಗಣ – ಜನರು ಸೇರುವ ದೊಡ್ಡ ಕೋಣೆ
ಮೊಕದ್ದಮೆ – ನ್ಯಾಯಾಲಯದಲ್ಲಿ ಹೂಡುವ ದಾವೆ

ಅಭ್ಯಾಸ
1. ಸಂಘಟಕರ ಕೆಲಸವೇನು?
2. 2010ರಲ್ಲಿ ಯಾವ ಕಂಪನಿಗಳು ಒಂದಾದವು?
3. ನಿಮ್ಮೂರ ಸಂತೆಯಲ್ಲಿ ಒಂದೇ ತರಕಾರಿ ಅಂಗಡಿಯಿದ್ದರೆ ಏನಾಗಬಹುದು? ಚರ್ಚಿಸಿರಿ.